ಕಡ್ಡಿ ಸೀಗಡಿ ಎಲ್ಲಿ ಕೆಡುತ್ತದೆ? ಸೋಯಾ–ಜೋನಿಬೆಲ್ಲದ ಸ್ಟಾರ್ಟರ್‌ಗೆ ದೋಷ ನಿವಾರಣೆ ಕೈಪಿಡಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಸೀಗಡಿ ಬೇಯಿಸುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ರವಾ ಫ್ರೈ ಬರುತ್ತದೆ, ಸುಕ್ಕಾ ಬರುತ್ತದೆ, ಸಾರು ಬರುತ್ತದೆ. ಆದರೆ ಅದೇ ಸೀಗಡಿಯನ್ನು ಕಡ್ಡಿಗೆ ಚುಚ್ಚಿ, ಸೋಯಾ, ಶುಂಠಿ, ಬೆಳ್ಳುಳ್ಳಿ, ಬೆಲ್ಲದ ಸಾಸ್ ಬಳಿದು ಸುಡಲು ಹೋದಾಗ ಒಳ್ಳೆಯ ಕೈಗಳೂ ಎಡವುತ್ತವೆ. ಒಂದೋ ಸೀಗಡಿ ರಬ್ಬರ್ ಆಗುತ್ತದೆ, ಇಲ್ಲಾ ಸಾಸ್ ಕರಕಲಾಗುತ್ತದೆ, ಇಲ್ಲಾ ಸಾಸೆಲ್ಲ ತಟ್ಟೆಗೆ ಇಳಿದು ಸೀಗಡಿ ಬೋಳಾಗಿ ಕೂರುತ್ತದೆ.

ಕೆಟ್ಟಾಗ ಎಲ್ಲರೂ ತಿದ್ದಲು ಹೊರಡುವುದು ಸಾಸಿನ ಅಳತೆಯನ್ನು. ಇನ್ನೊಂದು ಚಮಚ ಕಾರ್ನ್‌ಫ್ಲೋರ್, ಇನ್ನಷ್ಟು ಬೆಲ್ಲ. ನಾನು ಹೇಳುವುದು ಬೇರೆ. ಮೊದಲು ನೀರು ನೋಡಿ. ಸೀಗಡಿಯ ಮೈಮೇಲಿನ ನೀರು, ಅದರ ಒಳಗಿನ ನೀರು, ಕಾವಲಿಯಲ್ಲಿ ನಿಂತ ನೀರು. ಆಮೇಲೆ, ಸಾಸ್ ಯಾವ ಹೊತ್ತಿಗೆ ಬೆಂಕಿಗೆ ಬಿತ್ತು ಅಂತ ನೋಡಿ. ಈ ಎರಡು ಸರಿಯಾದರೆ ಉಳಿದದ್ದು ಸಣ್ಣಪುಟ್ಟ ತಿದ್ದುಪಡಿ.

ಕೆಳಗಿನದ್ದೆಲ್ಲ ಈ ಅಳತೆ ಇಟ್ಟುಕೊಂಡು ಬರೆದದ್ದು: ಸಿಪ್ಪೆ ತೆಗೆದ ಸೀಗಡಿ ಅರ್ಧ ಕಿಲೋ, ಸೋಯಾ ಸಾಸ್ 3 ದೊಡ್ಡ ಚಮಚ, ಶಿರಸಿ ಕಡೆಯ ಜೋನಿಬೆಲ್ಲ (ನೀರು ನೀರಾದ ಬೆಲ್ಲ) 2 ದೊಡ್ಡ ಚಮಚ, ವಿನೆಗರ್ 1 ದೊಡ್ಡ ಚಮಚ, ಬೆಳ್ಳುಳ್ಳಿ 4 ಎಸಳು, ಒಂದು ಇಂಚು ಶುಂಠಿ, ಜೀರಿಗೆ ಮೆಣಸು ನಾಲ್ಕೈದು, ಕಾಲು ಕಪ್ ನೀರು, ಕೊನೆಗೆ 1 ಸಣ್ಣ ಚಮಚ ಕಾರ್ನ್‌ಫ್ಲೋರ್. ಜೋನಿಬೆಲ್ಲ ಸಿಗದಿದ್ದರೆ ಜೇನುತುಪ್ಪ ಹಾಕಿ, ತೊಂದರೆ ಇಲ್ಲ.

ಮೊದಲ ಪರೀಕ್ಷೆ: ಒಂದು ಬೋಳು ಕಡ್ಡಿ

ಯಾವ ದೋಷವಿದ್ದರೂ ಇದನ್ನು ಮಾಡದೆ ಮುಂದೆ ಹೋಗಬೇಡಿ. ಒಂದು ಕಡ್ಡಿಗೆ ಸಾಸ್ ಮುಟ್ಟಿಸಬೇಡಿ. ಚಿಟಿಕೆ ಉಪ್ಪು, ಒಂದಿಷ್ಟು ಎಣ್ಣೆ, ಅಷ್ಟೇ. ಉಳಿದ ಕಡ್ಡಿಗಳ ಜೊತೆಗೇ ಸುಡಿ. ಸಾಸನ್ನು ಬೇರೆ ಬಟ್ಟಲಲ್ಲಿ ಇಟ್ಟು ಅದನ್ನೂ ಚಮಚದಲ್ಲಿ ನೆಕ್ಕಿ ನೋಡಿ.

ಬೋಳು ಸೀಗಡಿಯೇ ಗಟ್ಟಿ ಅಥವಾ ಸಪ್ಪೆ ಇದ್ದರೆ ದೋಷ ಸೀಗಡಿಯದ್ದು ಅಥವಾ ಬೆಂಕಿಯದ್ದು, ಸಾಸಿಗೆ ಕೈ ಹಾಕಬೇಡಿ. ಬೋಳು ಸೀಗಡಿ ಚೆನ್ನಾಗಿದೆ, ಬಟ್ಟಲಿನ ಸಾಸ್ ಕಹಿ ಅಥವಾ ವಿಪರೀತ ಉಪ್ಪು ಅಂದರೆ ದೋಷ ಸಾಸಿನದ್ದು. ಎರಡೂ ಬೇರೆಬೇರೆಯಾಗಿ ಚೆನ್ನಾಗಿವೆ, ಸೇರಿದಾಗ ಮಾತ್ರ ಕೆಟ್ಟಿವೆ ಅಂದರೆ ಸಾಸ್ ಬಳಿದ ಹೊತ್ತು ತಪ್ಪಿದೆ. ಐದು ನಿಮಿಷದ ಕೆಲಸ, ಆದರೆ ಯಾವ ಕಡೆ ಹುಡುಕಬೇಕು ಅನ್ನುವುದು ಇಲ್ಲೇ ತಿಳಿಯುತ್ತದೆ.

ಸೀಗಡಿ ನೀರು ಬಿಡುತ್ತಿದೆ, ಬಣ್ಣ ಬರುತ್ತಿಲ್ಲ

ಎಲ್ಲಕ್ಕಿಂತ ಜಾಸ್ತಿ ಕಾಣುವ ದೋಷ ಇದು. ಸೀಗಡಿ ಬೆಳ್ಳಗೆ ಬೇಯುತ್ತದೆ, ಸುತ್ತ ಬೂದು ನೀರು ನಿಲ್ಲುತ್ತದೆ, ಸುಟ್ಟ ಪರಿಮಳವೇ ಇಲ್ಲ.

ಕಾರಣ ಸರಳ. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಸೀಗಡಿಯ ಮೈಮೇಲೆ ನೀರು ಇರುವವರೆಗೆ ಅಲ್ಲಿನ ಶಾಖ ಅದನ್ನು ದಾಟುವುದಿಲ್ಲ. ಕಂದು ಬಣ್ಣ, ಸುಟ್ಟ ರುಚಿ ಬರಬೇಕಾದರೆ ಸುಮಾರು 140 ಡಿಗ್ರಿಯಾದರೂ ಬೇಕು. ಆ ನೀರು ಆರಿ ಹೋಗುವಷ್ಟರಲ್ಲಿ ಒಳಗಿನ ಮಾಂಸ ಬೆಂದು, ಬಿಗಿದು, ಇನ್ನಷ್ಟು ನೀರು ಹೊರಗೆ ಹಾಕಿರುತ್ತದೆ. ಅಂದರೆ ಬಣ್ಣ ಬರಲಿ ಅಂತ ನೀವು ಕಾಯುವ ಪ್ರತಿ ನಿಮಿಷವೂ ಸೀಗಡಿಯನ್ನು ಗಟ್ಟಿ ಮಾಡುತ್ತಿರುತ್ತದೆ.

ಮೊದಲು ನೋಡಬೇಕಾದದ್ದು ಸೀಗಡಿ ಎಲ್ಲಿಂದ ಬಂತು ಅಂತ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆ ಎರಡು ತಿಂಗಳು ಬೈತಖೋಲದ ಬಂದರು, ತದಡಿ ಎಲ್ಲ ಸುಮ್ಮನಿರುತ್ತವೆ. ಪೇಟೆಗೆ ಬರುವುದರಲ್ಲಿ ಹೊಳೆ ಸೀಗಡಿ, ಕೆರೆಯಲ್ಲಿ ಸಾಕಿದ್ದು ಬಿಟ್ಟರೆ ಉಳಿದದ್ದು ಜಾಸ್ತಿ ಫ್ರೀಜರಿನದ್ದೇ. ಫ್ರೀಜ್ ಆದ ಸೀಗಡಿ ಕರಗುವಾಗ ನೀರು ಬಿಡುವುದು ಸಹಜ. ಕೆಲವು ಪ್ಯಾಕೆಟ್ಟಿನ ಸೀಗಡಿಗೆ ನೀರು ಹಿಡಿದಿಡಲು ಫಾಸ್ಫೇಟ್ ಹಾಕಿರುತ್ತಾರೆ, ಹಿಂಬದಿಯಲ್ಲಿ 451 ಅನ್ನುವ ಸಂಖ್ಯೆ ಕಂಡರೆ ಅದೇ. ಅಂಥದ್ದು ಕಾವಲಿಗೆ ಬಿದ್ದ ಮೇಲೆ ನೀರು ಬಿಡುತ್ತಲೇ ಇರುತ್ತದೆ. ಹೊರಗೆ ಐಸ್ ಪದರ ಇದ್ದರೆ ಅದರ ತೂಕವನ್ನೂ ಬಿಟ್ಟು ಲೆಕ್ಕ ಹಾಕಿ, ಇಲ್ಲದಿದ್ದರೆ ಸಾಸಿನ ಅಳತೆಯೂ ತಪ್ಪುತ್ತದೆ. ಆಗಸ್ಟ್‌ನಲ್ಲಿ ದೋಣಿಗಳು ಇಳಿದ ಮೇಲೂ ಮೀನು ಪೇಟೆಯಲ್ಲಿ "ಅಕ್ಕಾ, ಇದು ಇವತ್ತಿನದಾ, ಐಸಿನದಾ?" ಅಂತ ಕೇಳಿಯೇ ತೆಗೆದುಕೊಳ್ಳಿ. ಐಸಿನದ್ದು ಅಂದರೆ ಬೇಡ ಅಂತಲ್ಲ, ಅದಕ್ಕೆ ತಕ್ಕ ಹಾಗೆ ಮಾಡಬೇಕು ಅಷ್ಟೇ.

ಫ್ರೀಜರಿನದ್ದನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅಂಕಣಕ್ಕೆ ಇಳಿಸಿ, ಜಾಲರಿ ಪಾತ್ರೆಯಲ್ಲಿಟ್ಟು ನೀರು ಇಳಿಯಲು ಬಿಡಿ. ಅವಸರವಿದ್ದರೆ ಪ್ಯಾಕೆಟ್ ಸಮೇತ ತಣ್ಣೀರಿನಲ್ಲಿ ಮುಳುಗಿಸಿ, ಬಿಸಿನೀರು ಬೇಡವೇ ಬೇಡ. ಆಮೇಲೆ ಅರ್ಧ ಕಿಲೋಗೆ ಅರ್ಧ ಸಣ್ಣ ಚಮಚ ಉಪ್ಪು, ಕಾಲು ಸಣ್ಣ ಚಮಚ ಅಡುಗೆ ಸೋಡಾ ಸವರಿ 15 ನಿಮಿಷ ಫ್ರಿಜ್ಜಿನಲ್ಲಿಡಿ. ಚೀನಾ ಅಡುಗೆಯಲ್ಲಿ ಸೋಡಾ ಬಳಸುವುದು ಇದಕ್ಕೇ. ಮಾಂಸ ಸ್ವಲ್ಪ ಕ್ಷಾರೀಯವಾದರೆ ಅಷ್ಟು ಬೇಗ ಬಿಗಿಯುವುದಿಲ್ಲ, ನೀರನ್ನು ಒಳಗೇ ಹಿಡಿದುಕೊಳ್ಳುತ್ತದೆ. ಕಾಲು ಚಮಚ ದಾಟಿದರೆ ಸೋಪಿನ ರುಚಿ ಬರುತ್ತದೆ, ಹುಷಾರು. ಸೋಡಾ ಹಾಕಿದರೆ ಉಪ್ಪು ಅಲ್ಲಿಗೇ ಮುಗಿಯಿತು, ಆಮೇಲೆ ಮತ್ತೆ ಹಾಕಬೇಡಿ. ಬೆಳಿಗ್ಗೆ ದೋಣಿಯಿಂದ ಇಳಿದ ಸೀಗಡಿಗೆ ಇದೇನೂ ಬೇಕಾಗಿಲ್ಲ, ಅದಕ್ಕೆ ಸೋಡಾ ಹಾಕುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಕೊನೆಯ ಹೆಜ್ಜೆ ಎಲ್ಲ ಸೀಗಡಿಗೂ ಒಂದೇ. ಹತ್ತಿ ಬಟ್ಟೆಯಲ್ಲಿ ಒಂದೊಂದನ್ನೂ ಒತ್ತಿ ಒರೆಸಿ. ಕರಿ ನರ ತೆಗೆದ ಬೆನ್ನಿನ ಸೀಳಿನಲ್ಲಿ ನೀರು ಕೂತಿರುತ್ತದೆ, ಅಲ್ಲಿ ಬಟ್ಟೆಯ ತುದಿ ಹಾಕಿ. ಕಡ್ಡಿಗೆ ಚುಚ್ಚಿದ ಮೇಲೆ ಮತ್ತೊಮ್ಮೆ ಒರೆಸಿ.

ಒರೆಸಿಯೂ ನೀರು ನಿಂತರೆ ಕಾವಲಿ ನೋಡಿ. ಫ್ಲ್ಯಾಟುಗಳಲ್ಲಿ ಕೆಂಡ ಹಾಕಲು ಜಾಗ ಇರುವುದಿಲ್ಲ, ಕಾವಲಿಯ ಮೇಲೇ ಮಾಡುತ್ತಾರೆ. ಅಲ್ಲಿ ಬಹಳ ಜನರ ಕಣ್ಣಿಗೆ ಬೀಳದ ಸಂಗತಿ ಒಂದಿದೆ. ಕಡ್ಡಿ ಕಾವಲಿಗಿಂತ ಉದ್ದವಿದ್ದರೆ ಅದರ ತುದಿ ಅಂಚಿನ ಮೇಲೆ ಕೂರುತ್ತದೆ, ಸೀಗಡಿ ಕಬ್ಬಿಣ ಮುಟ್ಟದೆ ಗಾಳಿಯಲ್ಲಿ ನೇತಾಡುತ್ತದೆ, ಕೆಳಗಿನ ಆವಿಯಲ್ಲಿ ಬೇಯುತ್ತದೆ. ಕಡ್ಡಿಯನ್ನು ಕಾವಲಿಯೊಳಗೆ ಹಿಡಿಯುವಷ್ಟಕ್ಕೆ ಮುರಿಯಿರಿ. ಒಂದು ಸಲಕ್ಕೆ ಮೂರೋ ನಾಲ್ಕೋ ಕಡ್ಡಿ ಸಾಕು, ಮಧ್ಯೆ ಬೆರಳಗಲ ಜಾಗ ಇರಲಿ. ಎಂಟು ಕಡ್ಡಿ ಒಟ್ಟಿಗೆ ಇಟ್ಟರೆ ಕಾವಲಿ ತಣ್ಣಗಾಗಿ ಮತ್ತೆ ಅದೇ ಬೂದು ನೀರು.

ರಬ್ಬರ್ ಆಗಿದೆ, ಅಥವಾ ಹಿಟ್ಟು ಹಿಟ್ಟಾಗಿದೆ

ಎರಡೂ ಹದ ತಪ್ಪಿದೆ ಅನ್ನುವ ದೂರಿನಲ್ಲೇ ಬರುತ್ತವೆ, ಆದರೆ ಕಾರಣ ಬೇರೆಬೇರೆ.

ರಬ್ಬರ್ ಅಂದರೆ ಜಾಸ್ತಿ ಬೆಂದಿದೆ. ಕಿಲೋಗೆ ಮೂವತ್ತು ನಲವತ್ತು ಬರುವ ಸೀಗಡಿಗೆ ಜೋರು ಬೆಂಕಿಯಲ್ಲಿ ಒಂದು ಬದಿಗೆ ಎರಡು ನಿಮಿಷ ಸಾಕು. ಬೆನ್ನು ಅರ್ಧ ಬಾಗಿ, ದಪ್ಪ ಭಾಗದಲ್ಲಿ ಗಾಜಿನಂಥ ಹಸಿತನ ಹೋಗಿ ಬಿಳಿಯಾದ ಕ್ಷಣ ತೆಗೆಯಿರಿ. ಪೂರ್ತಿ ಉಂಗುರದ ಹಾಗೆ ಸುತ್ತಿಕೊಂಡರೆ ತಡವಾಯಿತು. ಥರ್ಮಾಮೀಟರ್ ಇದ್ದವರಿಗೆ ಒಳಗೆ 63 ಡಿಗ್ರಿ. ಶೆಟ್ಲಿ ಅನ್ನುವ ಸಣ್ಣ ಸೀಗಡಿಯನ್ನು ಕಡ್ಡಿಗೆ ಹಾಕಲೇಬೇಡಿ, ಬಣ್ಣ ಬರುವ ಮೊದಲೇ ಒಣಗುತ್ತದೆ. ಅದು ಸುಕ್ಕಾಕ್ಕೆ ಚೆಂದ.

ಹಿಟ್ಟು ಹಿಟ್ಟಾಗಿದ್ದರೆ ಬೆಂಕಿಯನ್ನು ಬಯ್ಯಬೇಡಿ. ಅದು ಒಲೆಗೆ ಬರುವ ಮೊದಲೇ ಕೆಟ್ಟಿದೆ. ಸೀಗಡಿಯ ತಲೆಯಲ್ಲಿ ಮಾಂಸ ಕರಗಿಸುವ ಕಿಣ್ವಗಳಿವೆ. ತಲೆ ಸಮೇತ ಗಂಟೆಗಟ್ಟಲೆ ಇಟ್ಟರೆ ಅವು ಕುತ್ತಿಗೆಯಿಂದ ಕೆಳಗೆ ಕೆಲಸ ಶುರು ಮಾಡುತ್ತವೆ. ಮನೆಗೆ ತಂದ ಕೂಡಲೇ ತಲೆ ತೆಗೆದು ಐಸಿನಲ್ಲಿಡಿ. ಹಸಿ ಶುಂಠಿ ರಸದಲ್ಲೂ ಅಂಥದೇ ಕಿಣ್ವ ಇದೆ, ಪಪ್ಪಾಯಿ, ಅನಾನಸಿನಲ್ಲಿ ಇನ್ನೂ ಜಾಸ್ತಿ. ಲಿಂಬೆರಸ, ವಿನೆಗರ್ ಹಾಕಿ ನೆನೆಸಿದರೆ ಹುಳಿ ಮೇಲ್ಭಾಗವನ್ನು ಬೇಯಿಸಿದಂತೆ ಮಾಡಿ ಸುಣ್ಣದ ಪುಡಿಯಂತಾಗುತ್ತದೆ. ಕೋಳಿಯ ಅಭ್ಯಾಸದಲ್ಲಿ ರಾತ್ರಿಯಿಡೀ ನೆನೆಸುವವರಿಗೆ ಇದೇ ಗತಿ. ನನ್ನ ಸಲಹೆ ಕೇಳಿದರೆ, ನೆನೆಸುವ ಮಿಶ್ರಣದಲ್ಲಿ ಹುಳಿಯೂ ಬೇಡ, ಶುಂಠಿಯೂ ಬೇಡ. ಉಪ್ಪು, ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಹತ್ತೇ ನಿಮಿಷ. ಸುಡುವ ಮೊದಲು ಬೆಳ್ಳುಳ್ಳಿ ಚೂರನ್ನು ಒರೆಸಿ ತೆಗೆಯಿರಿ. ಶುಂಠಿ, ಹುಳಿ ಎರಡೂ ಸಾಸಿನಲ್ಲಿ ಹೇಗೂ ಬರುತ್ತವಲ್ಲ.

ಹೊರಗೆ ಕರಕಲು, ಒಳಗೆ ಹಸಿ

ಸಾಸ್ ಬೇಗ ಬಿದ್ದಿದೆ. ಸಕ್ಕರೆ 160 ಡಿಗ್ರಿ ಸುಮಾರಿಗೆ ಕಂದಾಗಲು ಶುರುವಾಗುತ್ತದೆ, ಜೇನು ಅದಕ್ಕೂ ಮೊದಲೇ. ಕೆಂಡದ ಮೇಲಿನ ಜಾಲರಿ ಅದನ್ನು ಎಷ್ಟೋ ಹಿಂದೆ ಹಾಕಿರುತ್ತದೆ. ಬೆಲ್ಲ ಇರುವ ಸಾಸನ್ನು ಹಸಿ ಸೀಗಡಿಗೆ ಬಳಿದು ಜೋರು ಕೆಂಡಕ್ಕಿಟ್ಟರೆ ಒಳಗೆ ಬೇಯುವ ಮೊದಲು ಹೊರಗೆ ಕಪ್ಪು ಬರುವುದು ಖಂಡಿತ.

ಜಪಾನಿನ ತೆರಿಯಾಕಿಯಲ್ಲಿ ಹೊಳಪು ಬರುವ ರೀತಿ ನೋಡಿ. ಮೊದಲು ಸುಡುತ್ತಾರೆ, ಕೊನೆಯಲ್ಲಿ ಸಾಸನ್ನು ತೆಳ್ಳಗೆ ಬಳಿದು ತಿರುಗಿಸುತ್ತಾರೆ, ಮತ್ತೆ ಬಳಿಯುತ್ತಾರೆ. ನೀವೂ ಸೀಗಡಿಯನ್ನು ಮುಕ್ಕಾಲು ಬೇಯಿಸಿ, ಕೊನೆಯ ಒಂದು ನಿಮಿಷದಲ್ಲಿ ಎರಡು ಸಲ ತೆಳ್ಳಗೆ ಬಳಿಯಿರಿ. ಮೊದಲ ಪದರ ಗುಳ್ಳೆ ಎದ್ದು ಅಂಟಾದ ಮೇಲೆ ಎರಡನೆಯದು. ಅಷ್ಟೇ ಸಾಕು, ಮೂರನೆಯದನ್ನು ತಟ್ಟೆಯಲ್ಲಿ ಹಾಕಿ.

ಕೆಂಡದ ಕಡೆಯಿಂದ ಎರಡು ಮಾತು. ತೆಂಗಿನ ಗೆರಟೆ ಹೊತ್ತಿಸುವವರು ಉರಿ ಪೂರ್ತಿ ಇಳಿದು ಮೇಲೆ ಬೂದಿ ಮುಚ್ಚುವವರೆಗೆ ಕಾಯಿರಿ. ಹಸಿ ಗೆರಟೆಯ ಉರಿಯಲ್ಲಿ ಹೊಗೆ, ಮಸಿ ಎರಡೂ ಜಾಸ್ತಿ, ಅದು ಸೀಗಡಿಗೆ ಅಂಟಿ ಕಹಿಯಾಗುತ್ತದೆ. ಕೆಂಡವನ್ನು ಒಂದು ಬದಿಗೆ ಒಟ್ಟಿ ಇನ್ನೊಂದು ಬದಿ ಖಾಲಿ ಬಿಡಿ: ಜೋರು ಬದಿಯಲ್ಲಿ ಬಣ್ಣ, ಖಾಲಿ ಬದಿಯಲ್ಲಿ ಸಾಸ್. ಜಾಲರಿಯಿಂದ ಗೇಣು ಮೇಲೆ ಅಂಗೈ ಹಿಡಿದರೆ ಎರಡು ಮೂರು ಸೆಕೆಂಡಿಗೇ ಕೈ ಎಳೆದುಕೊಳ್ಳಬೇಕು ಅನ್ನಿಸಿದರೆ ಬಣ್ಣಕ್ಕೆ ಸರಿಯಾದ ಶಾಖ. ಮಧ್ಯಾಹ್ನದ ಮೇಲೆ ಅಂಗಳದಲ್ಲಿ ಮಾಡುವಾಗ ಕಡಲಗಾಳಿಯ ಲೆಕ್ಕವೂ ಇರಲಿ. ಗಾಳಿ ಬರುವ ಬದಿಯ ಕೆಂಡ ಕೆಂಪಗೆ ಉರಿಯುತ್ತದೆ, ಆಚೆ ಬದಿ ಮಂಕಾಗುತ್ತದೆ. ಕಡ್ಡಿಗಳ ಜಾಗ ಬದಲಿಸುತ್ತಾ ಇರಿ, ಇಲ್ಲವೇ ತಗಡು ಅಡ್ಡ ಇಡಿ.

ಸಾಸ್ ಹಿಡಿಯುತ್ತಿಲ್ಲ

ಮೊದಲು ಸೀಗಡಿ ಒದ್ದೆ ಇದೆಯಾ ನೋಡಿ. ಒದ್ದೆ ಮೈಗೆ ಎಂಥ ಸಾಸೂ ಅಂಟುವುದಿಲ್ಲ. ಒಣಗಿದೆ ಅಂತಾದರೆ ಸಾಸ್ ತೆಳ್ಳಗಿದೆ. ಜೋನಿಬೆಲ್ಲ ಜೇನಿಗಿಂತ ತೆಳ್ಳಗೆ, ನೀರಿನಂಶ ಜಾಸ್ತಿ. ಜೇನಿನ ಪಾಕವಿಧಾನ ನೋಡಿ ಅಷ್ಟೇ ಹೊತ್ತು ಕುದಿಸಿದರೆ ಸಾಲುವುದಿಲ್ಲ, ಮೂರು ನಾಲ್ಕು ನಿಮಿಷ ಹೆಚ್ಚು ಇಡಿ.

ಕಾರ್ನ್‌ಫ್ಲೋರ್ ಹಾಕಿಯೂ ಗಟ್ಟಿಯಾಗದಿದ್ದರೆ ಅದು ಪೂರ್ತಿ ಬೆಂದಿಲ್ಲ. ತಣ್ಣೀರಿನಲ್ಲಿ ಕಲಸಿ, ಹಾಕುವ ಮುಂಚೆ ಮತ್ತೆ ತಿರುವಿ (ಹಿಟ್ಟು ತಳಕ್ಕೆ ಕೂರುತ್ತದೆ), ಸಾಸ್ ಒಂದು ಕುದಿ ಬರುವವರೆಗೆ ಕೈಯಾಡಿಸಿ. ಕುದಿ ಬಂದ ಮೇಲೆ ಒಂದು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ, ಹುಳಿ ಇರುವ ಸಾಸನ್ನು ತುಂಬಾ ಕುದಿಸಿದರೆ ಗಟ್ಟಿಯಾದದ್ದು ಮತ್ತೆ ತೆಳ್ಳಗಾಗುತ್ತದೆ. ಚಮಚದ ಹಿಂಬದಿಯಲ್ಲಿ ಬೆರಳು ಎಳೆದರೆ ಗೆರೆ ಉಳಿಯಬೇಕು. ಬೆಳಿಗ್ಗೆ ಗಟ್ಟಿ ಇದ್ದ ಸಾಸ್ ಸಂಜೆಗೆ ನೀರಾಗಿದೆಯೇ? ನೆಕ್ಕಿದ ಚಮಚವನ್ನೇ ಮತ್ತೆ ಅದ್ದಿರಬೇಕು. ಎಂಜಲಿನಲ್ಲಿರುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ರುಚಿ ನೋಡಲು ಪ್ರತಿ ಸಲ ಬೇರೆ ಚಮಚ.

ಉಪ್ಪು, ಕಹಿ, ಸಪ್ಪೆ

ಸಾಮಾನ್ಯ ಸೋಯಾ ಸಾಸಿನಲ್ಲಿ 100 ಮಿಲೀಗೆ 15ರಿಂದ 18 ಗ್ರಾಂ ಉಪ್ಪು ಇರುತ್ತದೆ. ಕುದಿಸಿ ಇಂಗಿಸಿದಾಗ ನೀರು ಹೋಗುತ್ತದೆ, ಉಪ್ಪು ಅಲ್ಲೇ ಇರುತ್ತದೆ. ಹಾಗಾಗಿ ಸಾಸಿಗೆ ಬೇರೆ ಉಪ್ಪು ಬೇಡ, ರುಚಿ ನೋಡುವುದೂ ಇಂಗಿದ ಮೇಲೆಯೇ. ಉಪ್ಪಾಗಿಬಿಟ್ಟರೆ ಸೋಯಾ ಇಲ್ಲದೆ ಇನ್ನರ್ಧ ಪಾಲು ಸಾಸ್ ಮಾಡಿ ಬೆರೆಸಿ. ಬರೀ ನೀರು ಹಾಕಿದರೆ ಉಪ್ಪಿನ ಜೊತೆ ಎಲ್ಲ ರುಚಿಯೂ ತೆಳ್ಳಗಾಗುತ್ತದೆ.

ಬಟ್ಟಲಿನ ಸಾಸೇ ಕಹಿ ಇದ್ದರೆ ಬೆಳ್ಳುಳ್ಳಿ ಸೀದಿದೆ. ಅದಕ್ಕೆ ಮದ್ದಿಲ್ಲ, ಚೆಲ್ಲಿ ಹೊಸದು ಮಾಡಿ. ಹುರಿದ ಎಳ್ಳಿನ ಎಣ್ಣೆಯನ್ನು ಮೊದಲೇ ಕಾಯಿಸಿದರೂ ಕಹಿ ಬರುತ್ತದೆ, ಅದು ಒಲೆ ಆರಿಸಿದ ಮೇಲೆ ಅರ್ಧ ಸಣ್ಣ ಚಮಚ ಸೇರಿಸುವ ವಸ್ತು. ನಮ್ಮ ಗಾಣದ ಎಳ್ಳೆಣ್ಣೆಯಲ್ಲಿ ಆ ಪರಿಮಳ ಇರುವುದಿಲ್ಲ. ಅದನ್ನೇ ಬಳಸುವುದಾದರೆ ಎಳ್ಳನ್ನು ಹೊಂಬಣ್ಣಕ್ಕೆ ಹುರಿದು ಕುಟ್ಟಿ ಮೇಲೆ ಉದುರಿಸಿ.

ಸಪ್ಪೆ ಅನ್ನಿಸಿದರೆ ಹೆಚ್ಚಿನ ಸಲ ಕೊರತೆ ಹುಳಿಯದ್ದು. ಕೊನೆಯಲ್ಲಿ ಲಿಂಬೆ ಹಿಂಡಿ, ಇಲ್ಲವೇ ಮುರುಗಲು ಸಿಪ್ಪೆ ನೆನೆಸಿದ ನೀರು ಒಂದು ಚಮಚ. ಇನ್ನೊಂದು ವಸ್ತು ನಮ್ಮ ಡಬ್ಬಿಯಲ್ಲೇ ಇದೆ, ಬಂಗುಡೆ ಸಾರಿಗೆ ಹಾಕುವ ತೆಪ್ಪಲ್. ಸಿಚುವಾನ್ ಮೆಣಸು ಅಂತ ಪೇಟೆಯಲ್ಲಿ ದುಬಾರಿ ಕೊಟ್ಟು ತರುತ್ತೀರಲ್ಲ, ಅದೂ ಇದೂ ಒಂದೇ ಕುಲದ ಗಿಡಗಳು. ಒಳಗಿನ ಕರಿ ಬೀಜ ತೆಗೆದು ಐದಾರು ಸಿಪ್ಪೆಯನ್ನು ಸುಮ್ನೆ ಜಜ್ಜಿ ಬಿಸಿ ಸಾಸಿನಲ್ಲಿ ಹತ್ತು ನಿಮಿಷ ಬಿಟ್ಟು ಎತ್ತಿಬಿಡಿ. ನಾಲಿಗೆ ಸಣ್ಣಗೆ ಜುಮ್ಮೆನ್ನುತ್ತದೆ. ಸೋಯಾ, ಜೋನಿಬೆಲ್ಲ, ತೆಪ್ಪಲ್ ಮೂರೂ ಕೂಡಿದ ರುಚಿ ನನಗೆ ಯಾವ ಬಾಟಲಿ ಸಾಸಿನಲ್ಲೂ ಸಿಕ್ಕಿಲ್ಲ.

ಶೇಂಗಾ ಸಾಸ್ ಒಡೆದಿದೆ

ಇಂಡೋನೇಷ್ಯಾ, ಮಲೇಷ್ಯಾ ಕಡೆ ಕಡ್ಡಿಗೆ ಚುಚ್ಚಿ ಸುಡುವ ಸಾಟೆಗೆ ಹಾಕುವ ಶೇಂಗಾ ಸಾಸ್ ಮಾಡುವವರಿಗೆ ಎರಡು ತೊಂದರೆ. ಎಣ್ಣೆ ಬೇರೆಯಾಗಿ ಮುದ್ದೆಯಾಗಿದ್ದರೆ ಬಿಸಿನೀರನ್ನು ಒಂದೊಂದೇ ಚಮಚ ಹಾಕುತ್ತಾ ಕಲಕಿ, ಕೂಡಿಕೊಳ್ಳುತ್ತದೆ. ತೆಂಗಿನ ಹಾಲು ಒಡೆದಿದ್ದರೆ ಜೋರು ಕುದಿ ಬಂದಿದೆ ಅಂತ ಅರ್ಥ. ಮೀನು ಸಾರಿಗೆ ಮೊದಲ ಹಾಲನ್ನು ಕೊನೆಗೆ ಹಾಕಿ ಒಲೆ ಸಣ್ಣ ಮಾಡುತ್ತೇವಲ್ಲ, ಇಲ್ಲೂ ಹಾಗೇ. ಈ ಸಾಸ್ ಆರಿದಂತೆ ಗಟ್ಟಿಯಾಗುವುದರಿಂದ ಒಲೆಯ ಮೇಲೆ ತುಸು ತೆಳ್ಳಗೇ ಇರಲಿ. ಶೇಂಗಾ, ಸೀಗಡಿ ಎರಡೂ ಕೆಲವರಿಗೆ ಜೀವಕ್ಕೇ ಕುತ್ತು ತರುವ ಅಲರ್ಜಿ ಮಾಡುತ್ತವೆ, ನೆಂಟರನ್ನು ಮೊದಲೇ ಕೇಳಿ.

ಕಡ್ಡಿ ಸುಡುತ್ತದೆ, ಸೀಗಡಿ ಗಿರ್ರನೆ ತಿರುಗುತ್ತದೆ

ಬಿದಿರು ಕಡ್ಡಿಯನ್ನು ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಡಿ. ಆದರೂ ಹಿಡಿಯುವ ತುದಿ ಸುಡುತ್ತದೆ, ಅದನ್ನು ಕೆಂಡದ ಹೊರಗೆ ಇಡಿ. ತಿರುಗುವುದಕ್ಕೆ ಕಾರಣ ಒಂದೇ ತೂತು. ಬಾಲದ ಹತ್ತಿರ ಒಮ್ಮೆ, ತಲೆ ಇದ್ದ ದಪ್ಪ ಭಾಗದಲ್ಲಿ ಒಮ್ಮೆ, ಹೀಗೆ ಎರಡು ಕಡೆ ಚುಚ್ಚಿ. ದೊಡ್ಡ ಸೀಗಡಿಗೆ ಎರಡು ಕಡ್ಡಿಗಳನ್ನು ಜೋಡಿಯಾಗಿ ಹಾಕಿ. ಇಂಡೋನೇಷ್ಯಾದಲ್ಲಿ ತೆಂಗಿನ ಗರಿಯ ಕಡ್ಡಿಗೂ ಸಾಟೆ ಚುಚ್ಚುತ್ತಾರೆ, ನಮ್ಮ ಹಿಡಿಕಡ್ಡಿಯ ದಪ್ಪ ಬುಡವೂ ಆಗುತ್ತದೆ. ಹೊಸ ಗರಿಯಿಂದ ಕೆತ್ತಿಕೊಳ್ಳಿ, ಕಸ ಗುಡಿಸುವ ಹಿಡಿಯಿಂದ ಎಳೆಯಬೇಡಿ. ಕಡ್ಡಿಯಲ್ಲಿ ಈರುಳ್ಳಿ, ದೊಣ್ಣೆಮೆಣಸು ಮಧ್ಯೆ ಹಾಕುವುದು ನೋಡಲು ಚೆಂದ, ಆದರೆ ಅವು ಬೇಯುವಷ್ಟರಲ್ಲಿ ಸೀಗಡಿ ಮುಗಿದಿರುತ್ತದೆ. ತರಕಾರಿಗೆ ಬೇರೆ ಕಡ್ಡಿ ಮಾಡಿ.

ಮೀನು, ಮಾಣಕಿ (ಸ್ಕ್ವಿಡ್) ಹಾಕಿದರೆ

ಇಸವಣದ (ಅಂಜಲ್ ಮೀನು) ಗಟ್ಟಿ ಮಾಂಸ ಕಡ್ಡಿಗೆ ಹೇಳಿಮಾಡಿಸಿದ್ದು, ಚರ್ಮ ಬಿಡಿಸದೆ ಎರಡು ಬೆರಳಗಲದ ತುಂಡು ಮಾಡಿ. ಜಾಲರಿಗೆ ಅಂಟಿಕೊಂಡರೆ ಎಳೆಯಬೇಡಿ, ಇನ್ನೊಂದರ್ಧ ನಿಮಿಷ ಬಿಡಿ, ಬಣ್ಣ ಬಂದಾಗ ತಾನೇ ಬಿಡುತ್ತದೆ. ನೊಗಲಿ (ಕಾಣೆ ಮೀನು) ಮೆತ್ತಗೆ, ಕಡ್ಡಿಯಿಂದ ಉದುರುತ್ತದೆ. ಬಂಗುಡೆಯನ್ನು ತುಂಡಾಗಿ ಚುಚ್ಚುವ ಬದಲು ಬಾಲಿ ದ್ವೀಪದವರ ಸಾಟೆ ಲಿಲಿತ್ ಕ್ರಮ ನೋಡಿ: ಮುಳ್ಳು ಬಿಡಿಸಿದ ಮೀನನ್ನು ಕೊಚ್ಚಿ, ಕಾಯಿತುರಿ, ಮಸಾಲೆ ಸೇರಿಸಿ ಅಗಲ ಕಡ್ಡಿಗೋ ಮಜ್ಜಿಗೆ ಹುಲ್ಲಿನ ದಂಟಿಗೋ ಮೆತ್ತುತ್ತಾರೆ. ಮೆತ್ತಿದ್ದು ಜಾರಿ ಬೀಳುತ್ತಿದ್ದರೆ ಮಿಶ್ರಣ ಬೆಚ್ಚಗಾಗಿದೆ. ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಉಪ್ಪು ಹಾಕಿ ಅಂಟು ಬರುವವರೆಗೆ ನಾದಿ.

ಮಾಣಕಿಗೆ ಮಧ್ಯದ ದಾರಿ ಇಲ್ಲ. ಜೋರು ಬೆಂಕಿಯಲ್ಲಿ ಎರಡು ನಿಮಿಷ, ಇಲ್ಲವೇ ಸಾರಿನಲ್ಲಿ ಮುಕ್ಕಾಲು ಗಂಟೆ. ನಡುವೆ ಎಲ್ಲಿ ನಿಲ್ಲಿಸಿದರೂ ಜಗಿಯಲಾಗುವುದಿಲ್ಲ. ಸೀಗಡಿ, ಮಾಣಕಿ ಒಂದೇ ಕಡ್ಡಿಯಲ್ಲಿ ಬೇಡ.

ರಿಪೇರಿ ಮಾಡಬಾರದ ದೋಷಗಳು

ಸೀಗಡಿಯಲ್ಲಿ ಅಮೋನಿಯಾ ವಾಸನೆ ಬಂದರೆ ಎಸೆಯಿರಿ. ಸಾಸಿನಿಂದ ಮುಚ್ಚಲು ನೋಡಬೇಡಿ. ಸಿಪ್ಪೆಯ ಮೇಲಿನ ಕಪ್ಪು ಚುಕ್ಕಿ ಮಾತ್ರ ಬೇರೆ ವಿಷಯ, ಅದು ಗಾಳಿ ತಾಗಿ ಕಿಣ್ವದಿಂದ ಆಗುವ ಬಣ್ಣ, ವಾಸನೆ ಸರಿ ಇದ್ದರೆ ತಿನ್ನಬಹುದು. ಬಂಗುಡೆ, ಗೇದರ (ಟ್ಯೂನಾ), ಇಸವಣ ಬಿಸಿಲಲ್ಲಿ ಉಳಿದರೆ ಒಳಗೆ ಹಿಸ್ಟಮಿನ್ ಕೂಡುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಬಾಯಿಗಿಟ್ಟ ಕೂಡಲೇ ಮೆಣಸು ಕಚ್ಚಿದ ಹಾಗೆ ಉರಿದರೆ ಅಲ್ಲಿಗೇ ನಿಲ್ಲಿಸಿ. ಹಸಿ ಸೀಗಡಿಗೆ ತಾಗಿದ ಬ್ರಷ್ಷನ್ನು ತಟ್ಟೆಯ ಸಾಸಿಗೆ ಹಾಕಬೇಡಿ, ಮೊದಲೇ ಎರಡು ಬಟ್ಟಲು ಮಾಡಿಕೊಳ್ಳಿ. ನಮ್ಮ ಕಡೆಯ ಸೆಖೆಯಲ್ಲಿ ಸುಟ್ಟ ಕಡ್ಡಿಯನ್ನು ಒಂದು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಬಿಡಬೇಡಿ.

ಮುಂಚಿತವಾಗಿ ಮಾಡಿಡುವುದಾದರೆ ಸಾಸನ್ನು ಕಾರ್ನ್‌ಫ್ಲೋರ್, ಲಿಂಬೆ, ಎಳ್ಳೆಣ್ಣೆ ಇಲ್ಲದೆ ಇಂಗಿಸಿ ಗಾಜಿನ ಬಾಟಲಿಯಲ್ಲಿ ಫ್ರಿಜ್ಜಿಗೆ ಹಾಕಿ. ಆ ವಾರದೊಳಗೆ ಬೇಕಾದಷ್ಟೇ ಹೊರಗೆ ತೆಗೆದು, ಬಿಸಿ ಮಾಡಿ, ಹಿಟ್ಟಿನ ನೀರು ಸೇರಿಸಿ, ಒಲೆ ಆರಿಸಿದ ಮೇಲೆ ಉಳಿದ ಎರಡನ್ನು ಹಾಕಿ.